ಬುತ್ತಿ ಮತ್ತು ಪಂಕ್ತಿ: ಇಳಿವಯಸ್ಸಿನ ಊಟ, ಕೂಟ, ಕಲಿಕೆ



ಅನ್ನವೇ ಹೊರಟು ಉಣ್ಣುವವರಿದ್ದಲ್ಲಿಗೆ ಹೋದರೆ ಅದನ್ನು ಬುತ್ತಿ ಎನ್ನುತ್ತೇವೆ. ಉಣ್ಣುವವರು ಎದ್ದು ಅನ್ನವಿದ್ದಲ್ಲಿಗೆ ಬಂದು ಸಾಲಾಗಿ ಕೂತರೆ ಅದು ಪಂಕ್ತಿ. ಹೊಲಕ್ಕೆ ಹೋದವರಿಗೆ, ದೂರದೂರಿಗೆ ಹೊರಟವರಿಗೆ ಬುತ್ತಿ. ಮದುವೆಗೆ, ಜಾತ್ರೆಗೆ, ದಾಸೋಹಕ್ಕೆ ಬಂದವರಿಗೆ ಪಂಕ್ತಿ. ವಯಸ್ಸಾದವರ ಊಟದ ಹೊಣೆಯನ್ನು ಮನೆಯಾಚೆಗಿನ ಸಮಾಜ ಹೊರಲು ಮುಂದಾದ ಕಡೆಯಲ್ಲೆಲ್ಲ, ಕಳೆದ ಎಂಬತ್ತು ವರ್ಷಗಳಲ್ಲಿ, ಈ ಎರಡೇ ದಾರಿಗಳು ಕಾಣಿಸಿಕೊಂಡಿವೆ. ಮನೆಬಾಗಿಲಿಗೆ ಊಟದ ಡಬ್ಬಿ ಮುಟ್ಟಿಸುವುದು ಒಂದು. ಹಗಲು ಹೊತ್ತು ಬಂದು, ಕೂಡಿ ಉಂಡು, ಮಾತಾಡಿ, ಏನನ್ನಾದರೂ ಕಲಿತು ಅಥವಾ ಕಲಿಸಿ ಹೋಗುವಂಥ ತಾಣವೊಂದನ್ನು ನಡೆಸುವುದು ಇನ್ನೊಂದು.

ನಾನು ಇಂದು ತಮ್ಮ ಮುಂದಿಡುವ ವಿಚಾರ ಒಂದೇ. ಪಂಕ್ತಿ ಮೊದಲು; ಬುತ್ತಿ ಅದರ ಚಾಚಿದ ಕೈ. ಪಂಕ್ತಿಗೆ ಬರಲಾಗದವರಿಗಾಗಿ ಬುತ್ತಿ ಹೊರಡಬೇಕೇ ಹೊರತು, ಪಂಕ್ತಿ ನಡೆಸುವ ತಾಪತ್ರಯ ಯಾರಿಗೆ ಬೇಕು ಎಂದು ಬುತ್ತಿ ಕಟ್ಟಬಾರದು. ಕೇಳುವುದಕ್ಕೆ ಇದು ಸರಳ. ಆದರೆ ಆಡಳಿತದ ಲೆಕ್ಕ, ಖರ್ಚಿನ ಲೆಕ್ಕ, ನಮ್ಮ ಮಾನ ಮರ್ಯಾದೆಯ ಲೆಕ್ಕ ಎಲ್ಲವೂ ಇದಕ್ಕೆ ಎದುರಾಗಿಯೇ ಓಡುತ್ತವೆ. ಆದ್ದರಿಂದ ತುಸು ನಿಧಾನವಾಗಿ ನೋಡಬೇಕು.

ಅಕ್ಕಿ ಇದ್ದೂ ಉಣ್ಣದವರು

ನಮ್ಮ ಸಂವಿಧಾನದ 41ನೇ ವಿಧಿ, ಪ್ರಭುತ್ವದ ಆರ್ಥಿಕ ಶಕ್ತಿಯ ಮಿತಿಯೊಳಗೆ, ಮುಪ್ಪಿನಲ್ಲಿ ಸಾರ್ವಜನಿಕ ನೆರವು ದೊರೆಯಬೇಕೆಂದು ಹೇಳುತ್ತದೆ. 1995ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಬಂತು. ಇಂದು ಅದರಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಆ ವೇತನಕ್ಕೆ ಅರ್ಹರಾಗಿದ್ದೂ ಅದು ಸಿಗದವರಿಗೆ ತಿಂಗಳಿಗೆ 10 ಕಿಲೋ ಧಾನ್ಯ ಕೊಡುವ ಅನ್ನಪೂರ್ಣ ಯೋಜನೆ 2000ದಲ್ಲಿ ಶುರುವಾಯಿತು. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಕ್ಕಳ ಹೊಣೆಯನ್ನು ಕಾನೂನಿನ ಮಾತಿನಲ್ಲಿ ಬರೆಯಿತು. ಪೋಷಣೆ ಎಂದರೆ ಆಹಾರ, ಬಟ್ಟೆ, ವಸತಿ ಮತ್ತು ವೈದ್ಯೋಪಚಾರ ಎಂದು ಅದು ವಿವರಿಸಿತು.

ಈ ಕ್ರಮಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಇವೆಲ್ಲವೂ ಹಸಿವನ್ನು ಪದಾರ್ಥದ ಕೊರತೆ ಎಂದೇ ಅರ್ಥಮಾಡಿಕೊಂಡಿವೆ. 2017–18ರಲ್ಲಿ ದೇಶದಾದ್ಯಂತ ನಡೆದ ವಯೋವೃದ್ಧಿ ಸಮೀಕ್ಷೆಯ ಪ್ರಕಾರ, 60 ವರ್ಷ ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ಇವರಲ್ಲಿ ಬಡತನದಿಂದ ಬಳಲುವವರು ಬಹಳ. ಆದರೆ ಡಬ್ಬಿಯಲ್ಲಿ ಅಕ್ಕಿ ಇದ್ದೂ ಸರಿಯಾಗಿ ಉಣ್ಣದವರೂ ಇದ್ದಾರೆ. ವಯಸ್ಸಾದಂತೆ ರುಚಿ, ವಾಸನೆ ಮಂದವಾಗುತ್ತವೆ. ಹಲ್ಲು ಹೋಗುತ್ತದೆ. ಕೆಲವು ಮಾತ್ರೆಗಳು ಹಸಿವನ್ನೇ ಕೊಲ್ಲುತ್ತವೆ. ಮಂಡಿ ಹಿಡಿದುಕೊಂಡವರಿಗೆ ಒಲೆಯ ಮುಂದೆ ಅರ್ಧ ಗಂಟೆ ನಿಲ್ಲುವುದೇ ದೊಡ್ಡ ಕೆಲಸ. ಹೆಂಡತಿ ತೀರಿಕೊಂಡ ಮೇಲೆ, ಜೀವಮಾನದಲ್ಲಿ ಒಂದು ಸಾರು ಕುದಿಸದ ಗಂಡಸು ಬನ್ನು, ಬಿಸ್ಕತ್ತು, ಚಹಾದಲ್ಲಿ ದಿನ ತಳ್ಳುತ್ತಾನೆ. ಗಂಡ ಹೋದ ಮೇಲೆ, ಐವತ್ತು ವರ್ಷ ಹತ್ತಾರು ಜನಕ್ಕೆ ಬಡಿಸಿದ ಹೆಂಗಸು ‘ನನ್ನೊಬ್ಬಳಿಗೆ ಏನು ಮಾಡಿಕೊಳ್ಳಲಿ’ ಎಂದು ನಿನ್ನೆಯ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತಾಳೆ. ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ಅಲ್ಲಿ ಇಲ್ಲವಾಗಿರುವುದು ಅಡುಗೆ ಮಾಡುವುದಕ್ಕೊಂದು ಕಾರಣ.

ಕೂಡುಕುಟುಂಬ ಇದ್ದಲ್ಲಿ ಈ ಕಷ್ಟವಿಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳಬಹುದು. ಅದೇ ಸಮೀಕ್ಷೆಯಲ್ಲಿ ಸಂಪೂರ್ಣ ಒಂಟಿಯಾಗಿ ಬಾಳುವ ಹಿರಿಯರು ನೂರಕ್ಕೆ ಸುಮಾರು ಆರು ಮಾತ್ರ. ಆದರೆ ಮನೆಯಲ್ಲಿ ಜನರಿರುವುದೂ ಎಲೆಯ ಪಕ್ಕದಲ್ಲಿ ಜನರಿರುವುದೂ ಒಂದೇ ಅಲ್ಲ. ಬೆಳಿಗ್ಗೆ ಎಂಟಕ್ಕೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮನೆಯಲ್ಲಿ ಮಧ್ಯಾಹ್ನದ ಊಟ ಒಬ್ಬರದೇ.

ಊಟ ಅಥವಾ ಮನರಂಜನೆ

ಸಾರ್ವಜನಿಕ ಏರ್ಪಾಡಿನ ಆಧುನಿಕ ಚರಿತ್ರೆ ಎರಡನೇ ಮಹಾಯುದ್ಧದ ಇಂಗ್ಲೆಂಡಿನಿಂದ ಶುರುವಾಗುತ್ತದೆ. ವಾಯುದಾಳಿಯ ಕಾಲದ ನೆರವಿಗೆಂದು 1938ರಲ್ಲಿ ಹುಟ್ಟಿದ ಮಹಿಳೆಯರ ಸ್ವಯಂಸೇವಾ ಸಂಘಟನೆಯೊಂದು ಯುದ್ಧದ ದಿನಗಳಲ್ಲಿ ಸಂಚಾರಿ ಕ್ಯಾಂಟೀನು ನಡೆಸಿತು. ಮನೆಬಿಟ್ಟು ಹೊರಡಲಾಗದ ಮುದುಕರಿಗೆ ಬಿಸಿ ಊಟ ಒಯ್ಯುವ ಕೆಲಸ ಆ ಅನುಭವದಿಂದ ಬೆಳೆಯಿತು. ಯುದ್ಧ ಮುಗಿದ ಮೇಲೆ ಬಂದ 1948ರ ರಾಷ್ಟ್ರೀಯ ನೆರವು ಕಾಯ್ದೆಯ 31ನೇ ಕಲಮಿನತ್ತ ತಮ್ಮ ಗಮನ ಸೆಳೆಯಬಯಸುತ್ತೇನೆ. ವೃದ್ಧರಿಗೆ ಮನರಂಜನೆ ಅಥವಾ ಊಟ ಒದಗಿಸುವ ಸ್ವಯಂಸೇವಾ ಸಂಸ್ಥೆಗಳಿಗೆ ಸ್ಥಳೀಯ ಆಡಳಿತ ಹಣ ಕೊಡಬಹುದು ಎಂದು ಅದು ಹೇಳಿತು. ಆಹಾರಕ್ಕೆ ಇನ್ನೂ ಪಡಿತರ ಚೀಟಿ ಇದ್ದ ದೇಶ ಅದು. ಅಂಥ ಬಿಗಿ ಕಾಲದಲ್ಲೂ ಶಾಸನ ಬರೆದವರಿಗೆ ಊಟವನ್ನೂ ಮನರಂಜನೆಯನ್ನೂ ಒಂದೇ ವಾಕ್ಯದಲ್ಲಿ ಇಡುವುದು ಸಹಜವೆನಿಸಿತು. ನಮ್ಮ 2007ರ ಕಾಯ್ದೆಯ ಪೋಷಣೆಯ ವಿವರಣೆಯಲ್ಲಿ ಕಾಣದಿರುವುದು ಈ ಎರಡನೆಯ ಪದವೇ.

ಅಮೆರಿಕದಲ್ಲಿ ಪಂಕ್ತಿ ಮತ್ತು ಬುತ್ತಿ ಬೇರೆಬೇರೆ ಊರುಗಳಲ್ಲಿ ಹುಟ್ಟಿದವು. ವೃದ್ಧರಿಗೆಂದೇ ನಡೆದ ಹಗಲು ಕೇಂದ್ರಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುವುದು 1943ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶುರುವಾದ ವಿಲಿಯಂ ಹಾಡ್ಸನ್ ಕೇಂದ್ರವನ್ನು. ನಗರದ ಕಲ್ಯಾಣ ಇಲಾಖೆಯ ಸಮಾಜ ಕಾರ್ಯಕರ್ತರು ಒಂದು ಸಂಗತಿ ಗಮನಿಸಿದ್ದರು: ನೆರವಿಗೆಂದು ಕಚೇರಿಗೆ ಬರುವ ಮುದುಕರು ಕೆಲಸ ಮುಗಿದ ಮೇಲೂ ಎದ್ದುಹೋಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ಮಾತು. ಬುತ್ತಿ 1954ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಹೊರಟಿತು. ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಪ್ರೌಢಶಾಲೆಯ ಮಕ್ಕಳು ಮುಖ್ಯರಾಗಿದ್ದರು.

ಇವೆರಡನ್ನೂ ಒಂದು ಚಾವಣಿಯಡಿ ತಂದದ್ದು ಕಾನೂನು. 1965ರ ಜುಲೈಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಹಿರಿಯ ಅಮೆರಿಕನ್ನರ ಕಾಯ್ದೆಗೆ 1972ರಲ್ಲಿ ಪೋಷಣೆಯ ಕಾರ್ಯಕ್ರಮ ಸೇರಿತು. ಮೊದಲು ಒತ್ತು ಕೊಟ್ಟದ್ದು ಕೂಡಿ ಉಣ್ಣುವುದಕ್ಕೆ. ಮನೆಗೆ ಕಳಿಸುವ ಊಟಕ್ಕೆ ಪ್ರತ್ಯೇಕ ಬಾಬ್ತು ಬಂದದ್ದು 1978ರ ತಿದ್ದುಪಡಿಯಲ್ಲಿ. ಈ ಕಾರ್ಯಕ್ರಮದ ಉದ್ದೇಶಗಳನ್ನು ಕಾನೂನು ಮೂರಾಗಿ ಹೇಳುತ್ತದೆ: ಹಸಿವು ಮತ್ತು ಅಪೌಷ್ಟಿಕತೆಯನ್ನು ಕಡಿಮೆ ಮಾಡುವುದು, ಜನರ ಒಡನಾಟ ಹೆಚ್ಚಿಸುವುದು, ಆರೋಗ್ಯ ಕಾಪಾಡುವುದು. ಒಂದು ಹೊತ್ತಿನ ಊಟ ದಿನದ ಪೌಷ್ಟಿಕಾಂಶದ ಮೂರನೇ ಒಂದು ಭಾಗವನ್ನಾದರೂ ಕೊಡಬೇಕು ಎಂದು ಲೆಕ್ಕವನ್ನೂ ಹಾಕಿಕೊಟ್ಟಿದೆ.

ಇದರಲ್ಲಿ ನಮಗೆ ಮುಖ್ಯವಾದ ಅಂಶ ಇನ್ನೊಂದಿದೆ. 60 ವರ್ಷ ದಾಟಿದ ಯಾರೂ ಬರಬಹುದು. ಆದಾಯದ ಪ್ರಮಾಣಪತ್ರ ಕೇಳುವಂತಿಲ್ಲ. ಬಡವರಿಗೆ, ಒಂಟಿಗರಿಗೆ ಮೊದಲು ತಲುಪಬೇಕೆಂಬ ಆದ್ಯತೆ ಇದೆ; ಆದರೆ ಬಾಗಿಲಲ್ಲಿ ನಿಂತು ನೀವು ಬಡವರೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. ಕೊಡಬಲ್ಲವರು ಇಷ್ಟಪಟ್ಟಷ್ಟು ಹಾಕಲು ಪೆಟ್ಟಿಗೆ ಇಡಬಹುದು, ಹಾಕಲಿಲ್ಲವೆಂದು ಊಟ ನಿರಾಕರಿಸುವಂತಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಗಲ್ಲಾಪೆಟ್ಟಿಗೆ ಅಲ್ಲ, ಹುಂಡಿ.

ಮಾನದ ಪ್ರಶ್ನೆ

ಈ ಒಂದು ನಿಯಮದ ಬೆಲೆ ನಮ್ಮ ಊರಿನ ಕಣ್ಣಿನಿಂದ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಗಲು ಕೇಂದ್ರಗಳ ಬಗ್ಗೆ ಮಾತೆತ್ತಿದರೆ ನಮ್ಮಲ್ಲಿ ಕೇಳಿಬರುವ ಮೊದಲ ಆಕ್ಷೇಪ: ‘ಮಕ್ಕಳಿದ್ದೂ ಹೊರಗೆ ಹೋಗಿ ಉಣ್ಣುವುದೇ? ನೋಡಿದವರು ಏನೆಂದಾರು?’ ಇದನ್ನು ಹಳೆಯ ಕಾಲದ ಸಂಕೋಚವೆಂದು ತಳ್ಳಿಹಾಕಬಾರದು. ದಿಕ್ಕಿಲ್ಲದವರಿಗೆ ಮಾತ್ರ ಎಂದು ಫಲಕ ಹಾಕಿದ ಕಡೆ ಕಾಲಿಡುವುದೆಂದರೆ, ನನ್ನ ಮಕ್ಕಳು ನನ್ನನ್ನು ಕೈಬಿಟ್ಟರು ಎಂದು ಊರಿಗೆ ಸಾರಿದಂತೆ. ಯಾವ ತಾಯಿಯೂ ಆ ಸಾಕ್ಷಿ ನುಡಿಯಲು ಒಪ್ಪುವುದಿಲ್ಲ, ಹಸಿದಿದ್ದರೂ ಒಪ್ಪುವುದಿಲ್ಲ.

ನಮ್ಮ ಆಡಳಿತ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ಯೋಚಿಸುತ್ತದೆ. ಹಣ ಕಡಿಮೆ ಇದೆ, ಆದ್ದರಿಂದ ಕಡುಬಡವರಿಗಷ್ಟೇ ಕೊಡೋಣ, ಅದಕ್ಕೆ ದಾಖಲೆ ಕೇಳೋಣ ಎನ್ನುತ್ತದೆ. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಎಲ್ಲರೂ ಕೂರುವ ಸಾಲಿನಲ್ಲಿ ಬಡವರು ತಲೆಯೆತ್ತಿ ಕೂರುತ್ತಾರೆ. ಬಡವರಷ್ಟೇ ಕೂರುವ ಸಾಲಿಗೆ ಅವರೂ ಬರುವುದಿಲ್ಲ. ಮಠಗಳ ದಾಸೋಹ, ಕ್ಷೇತ್ರಗಳ ಅನ್ನಸಂತರ್ಪಣೆ ನಮಗೆ ಕಲಿಸಿರುವುದು ಇದನ್ನೇ. ಅಲ್ಲಿ ಕಾರಿನಲ್ಲಿ ಬಂದವರೂ ಬರಿಗಾಲಲ್ಲಿ ಬಂದವರೂ ಉಣ್ಣುತ್ತಾರೆ. ಅದಕ್ಕೇ ಅಲ್ಲಿ ಉಣ್ಣುವುದು ಯಾರಿಗೂ ಅವಮಾನವಲ್ಲ.

ಡಬ್ಬಿ ಗೆದ್ದ ಬಗೆ

ಹೀಗೆ ಪಂಕ್ತಿಗೆ ಒತ್ತು ಕೊಟ್ಟು ಹೊರಟ ಅಮೆರಿಕದಲ್ಲೇ ಇಂದು ಮನೆಗೆ ಹೋಗುವ ಊಟಗಳ ಸಂಖ್ಯೆ ಕೇಂದ್ರಗಳಲ್ಲಿ ಬಡಿಸುವುದಕ್ಕಿಂತ ಹೆಚ್ಚು. ಇದಕ್ಕೆ ನ್ಯಾಯವಾದ ಕಾರಣಗಳಿವೆ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಎಂಬತ್ತೈದು ದಾಟಿದವರಿಗೆ ಮನೆಬಿಟ್ಟು ಹೊರಡುವುದು ಕಷ್ಟ. 2020ರಲ್ಲಿ ಕೊರೊನಾ ಬಂದು ಕೇಂದ್ರಗಳು ಮುಚ್ಚಿದಾಗ, ಕೂಟದ ಊಟದ ಹಣವನ್ನು ಮನೆಯ ಊಟಕ್ಕೆ ತಿರುಗಿಸಿಕೊಳ್ಳಲು ಸರ್ಕಾರ ಪೂರ್ಣ ಅವಕಾಶ ಕೊಟ್ಟಿತು. ಆಗ ಅದು ಜೀವ ಉಳಿಸಿದ ಕೆಲಸ.

ಆದರೆ ಎಲ್ಲ ಕಾರಣಗಳೂ ಅಷ್ಟು ನಿಷ್ಕಳಂಕವಲ್ಲ. ಬುತ್ತಿಯನ್ನು ಎಣಿಸುವುದು ಸುಲಭ. ವಾರಕ್ಕೊಮ್ಮೆ ಶೀತಲೀಕರಿಸಿದ ಊಟದ ಏಳು ಪೊಟ್ಟಣ ಇಟ್ಟುಬಂದರೆ ಆರು ದಿನದ ಓಡಾಟದ ಖರ್ಚು ಉಳಿಯುತ್ತದೆ. ಪೌಷ್ಟಿಕಾಂಶದ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಅಂಕ. ವ್ಯತ್ಯಾಸ ಎಲ್ಲಿದೆ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ನಗರಗಳಲ್ಲಿ ಅಳೆದು ನೋಡಿದರು. ದಿನವೂ ಬಿಸಿ ಊಟ ಮನೆಗೆ ಬರುವವರದು ಒಂದು ಗುಂಪು, ವಾರಕ್ಕೊಮ್ಮೆ ಶೀತಲೀಕರಿಸಿದ ಪೊಟ್ಟಣ ಪಡೆಯುವವರದು ಇನ್ನೊಂದು, ಇನ್ನೂ ಸರದಿಯಲ್ಲಿ ಕಾಯುತ್ತಿದ್ದವರದು ಮೂರನೆಯದು. 2015ರಲ್ಲಿ ಬೆಳಕು ಕಂಡ ಅವರ ವರದಿಯ ಸಾರ: ಒಂಟಿತನ, ಆತಂಕ, ಬೀಳುವ ಭಯ ಮುಂತಾದವುಗಳಲ್ಲಿ ಹೆಚ್ಚು ಚೇತರಿಕೆ ಕಂಡದ್ದು ದಿನವೂ ಊಟ ಬರುತ್ತಿದ್ದವರಲ್ಲಿ. ಊಟದ ಜೊತೆ ಅವರ ಬಾಗಿಲಿಗೆ ಬರುತ್ತಿದ್ದುದು ಒಬ್ಬ ಮನುಷ್ಯ. ‘ಹೇಗಿದ್ದೀರಿ’ ಎನ್ನುವ, ಬಾಗಿಲು ತೆರೆಯದಿದ್ದರೆ ಗಾಬರಿಯಾಗುವ ಮನುಷ್ಯ.

ಇದರ ಅರ್ಥ ಬುತ್ತಿ ಬೇಡವೆಂದಲ್ಲ. ಬುತ್ತಿಯಲ್ಲೂ ಗುಣ ಮಾಡುವುದು ಪಂಕ್ತಿಯ ಅಂಶವೇ ಎಂದು. ಮಕ್ಕಳ ಜೊತೆಗಿರಲು ಅಮೆರಿಕಕ್ಕೆ ಹೋಗುವ ನಮ್ಮ ಕನ್ನಡದ ತಂದೆತಾಯಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಫ್ರಿಜ್ಜಿನ ತುಂಬ ತಿಂಡಿ ಇರುತ್ತದೆ. ಕಾರು ಓಡಿಸಲು ಬಾರದವರಿಗೆ ಬೀದಿಯ ಕೊನೆ ದಾಟುವುದೇ ಸಾಧ್ಯವಿಲ್ಲದ್ದರಿಂದ, ಹೊಟ್ಟೆ ತುಂಬಿದರೂ ಹಗಲು ತುಂಬುವುದಿಲ್ಲ.

ಹೊತ್ತು ಕಳೆಯುವುದಲ್ಲ, ಹೊತ್ತು ಗಳಿಸುವುದು

ಊಟಕ್ಕೆ ಕರೆಯಬಹುದು, ಉಂಡ ಮೇಲೆ ಏನು? ಕಲಿಕೆ, ಕಲೆ, ಆಟಗಳ ವಿಷಯ ಬರುವುದು ಇಲ್ಲಿ. ಇದನ್ನು ಹೊತ್ತು ಕಳೆಯುವ ವ್ಯವಸ್ಥೆ ಎಂದುಕೊಂಡರೆ ಕೆಟ್ಟೆವು. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪಿಯರ್ ವೆಲ್ಲಾಸ್ ನಿವೃತ್ತರಿಗಾಗಿ ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ ಶುರುಮಾಡಿದರು. ಅಲ್ಲಿ ಪ್ರಾಧ್ಯಾಪಕರು ಹೇಳುತ್ತಿದ್ದರು, ಹಿರಿಯರು ಕೇಳುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಅದೇ ಕಲ್ಪನೆ ಇಂಗ್ಲೆಂಡಿಗೆ ಬಂದಾಗ, ಚರಿತ್ರೆಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಅವರ ಸಂಗಡಿಗರು ಅದನ್ನು ತಿರುಗಿಸಿಬಿಟ್ಟರು. ಪರೀಕ್ಷೆ ಇಲ್ಲ, ಪದವಿ ಇಲ್ಲ, ಸಂಬಳದ ಮೇಷ್ಟರೂ ಇಲ್ಲ. ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡುವುದು. ಇಂದು ಕಲಿತವರು ನಾಳೆ ಕಲಿಸುವುದು.

ಈ ಎರಡನೆಯ ಮಾದರಿ ನಮಗೆ ಹತ್ತಿರದ್ದು. ಭಜನೆಯ ಮನೆಯಲ್ಲಿ, ತಾಳಮದ್ದಳೆಯ ಕೂಟದಲ್ಲಿ, ಗಮಕದ ಕೂಟದಲ್ಲಿ ಕಲಿಸುವವರ, ಕಲಿಯುವವರ ಸ್ಥಾನ ಹೀಗೆಯೇ ಅದಲು ಬದಲಾಗುತ್ತದೆ. ಸೋಬಾನೆ ಹಾಡುವ ಅಜ್ಜಿಗೆ ಚೌಕಾಬಾರ, ಅಳಗುಳಿಮಣೆ ಎರಡೂ ಗೊತ್ತು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿಗೆ ಮೊಬೈಲಿನಲ್ಲಿ ಹಣ ಕಳಿಸುವಾಗ ಮೋಸಹೋಗದಿರುವುದು ಹೇಗೆಂದು ಗೊತ್ತು. ಇವರಿಬ್ಬರೂ ಒಂದೇ ಸಾಲಿನಲ್ಲಿ ಕೂತರೆ ಪಾಠ ತಾನಾಗಿ ನಡೆಯುತ್ತದೆ. ಇಳಿವಯಸ್ಸಿನವರು ಕಳೆದುಕೊಳ್ಳುವುದರಲ್ಲಿ ದೊಡ್ಡದು ಕೊಡುವ ಅವಕಾಶ. ಬರೀ ಪಡೆಯುವವರಾಗಿ ಕೂರಿಸಿದರೆ, ಎಂಥ ಒಳ್ಳೆಯ ಕೇಂದ್ರವೂ ಆಸ್ಪತ್ರೆಯ ಹೊರರೋಗಿ ವಿಭಾಗದಂತೆ ಆಗುತ್ತದೆ.

ನಮ್ಮ ಕೈಯಲ್ಲಿರುವುದು

ಇದೆಲ್ಲ ಸಿರಿವಂತ ದೇಶಗಳ ಮಾತು ಎನ್ನುವವರಿಗೆ ನೆರೆಯ ತಮಿಳುನಾಡನ್ನು ತೋರಿಸಬೇಕು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರ ಸರ್ಕಾರ ಮಕ್ಕಳಿಗೆಂದು ವಿಸ್ತರಿಸಿದ ಮಧ್ಯಾಹ್ನದ ಊಟದ ಯೋಜನೆ, 1983ರಲ್ಲಿ ವೃದ್ಧಾಪ್ಯ ವೇತನ ಪಡೆಯುವವರಿಗೂ ತೆರೆಯಿತು. ಅದೇ ಕೇಂದ್ರ, ಅದೇ ಒಲೆ, ಅದೇ ಅಡುಗೆಯವರು. ಹೊಸ ಕಟ್ಟಡ ಕಟ್ಟಲಿಲ್ಲ, ಹೊಸ ಇಲಾಖೆ ತೆರೆಯಲಿಲ್ಲ.

ಕರ್ನಾಟಕದಲ್ಲಿ 2011ರ ಜನಗಣತಿಯಂತೆ 60 ದಾಟಿದವರು ಸುಮಾರು 58 ಲಕ್ಷ. ಈಗ ಇನ್ನೂ ಹೆಚ್ಚು. ಪಟ್ಟಣಗಳಲ್ಲಿ ಹಿರಿಯರ ಹಗಲು ಯೋಗಕ್ಷೇಮ ಕೇಂದ್ರಗಳು ಕೆಲವು ಇವೆ, ಹಳ್ಳಿಗಳಲ್ಲಿ ವಿರಳ. ಆದರೆ ಕೇಂದ್ರವಾಗಬಲ್ಲ ಜಾಗಗಳು ಎಷ್ಟೋ ಇವೆ. ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಶಾಲೆಗಳಲ್ಲಿ ಬಿಸಿಯೂಟದ ಅಡುಗೆಮನೆಗಳಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ದುಡಿಯುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆಗಳು ತೆರೆದಿವೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಬೇರೆ ಊರುಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಕ್ಕಿತು. ಆದರೆ ಅದು ನಿಂತು ಉಂಡು ಹೋಗುವವರ ಜಾಗ. ಮಂಡಿನೋವಿನವರಿಗೆ ಬೇಕಾದದ್ದು ಒಂದು ಬೆಂಚು, ಒಂದು ಕೈಹಿಡಿ, ಬಳಸಲು ಬರುವಂಥ ಶೌಚಾಲಯ.

ನಮ್ಮದೇ ಅನುಭವದಿಂದ ಎಚ್ಚರಿಕೆಯನ್ನೂ ಕಲಿಯಬೇಕು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸತೊಡಗಿತು. ಉದ್ದೇಶ ಒಳ್ಳೆಯದು, ಮನೆಗೆ ಕೊಟ್ಟ ಧಾನ್ಯ ಇಡೀ ಮನೆಯ ಪಾಲಾಗುತ್ತದೆ, ಅಲ್ಲೇ ಉಂಡದ್ದು ಆಕೆಯ ಹೊಟ್ಟೆಗೇ ಸೇರುತ್ತದೆ. ಆದರೆ ಮಲೆನಾಡು, ಕರಾವಳಿಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಗುಡ್ಡ. ಊಟಕ್ಕೆಂದು ಅಷ್ಟು ದೂರ ನಡೆದು ಬರುವುದು ಹಲವರಿಗೆ ಆಗಲಿಲ್ಲ. ಬಸುರಿಗೆ ಕಷ್ಟವಾದ ದಾರಿ ಎಪ್ಪತ್ತೈದರ ಮುದುಕಿಗೆ ಸುಲಭವಾದೀತೇ? ಆದ್ದರಿಂದ ಮಂಡ್ಯದ ಬಯಲಿಗೆ ಹೊಂದುವ ಏರ್ಪಾಡು ತೀರ್ಥಹಳ್ಳಿಯ ಒಂಟಿಮನೆಗಳಿಗೆ ಹೊಂದದು. ಅಲ್ಲಿ ವಾರದಲ್ಲಿ ಎರಡು ದಿನ ವಾಹನ ಕಳಿಸಿ ಪಂಕ್ತಿ, ಉಳಿದ ದಿನ ಬುತ್ತಿ ಎಂಬ ಹದ ಬೇಕಾದೀತು. ದಾರಿಯನ್ನು ಲೆಕ್ಕಕ್ಕೆ ಹಿಡಿಯದ ಊಟದ ಯೋಜನೆ ಅರ್ಧ ಯೋಜನೆ.

ಪಂಕ್ತಿಭೇದ

ಪಂಕ್ತಿಯ ಗುಣವನ್ನು ಇಷ್ಟು ಹೇಳಿದ ಮೇಲೆ ಅದರ ಪಾಪವನ್ನೂ ಹೇಳದಿದ್ದರೆ ಈ ಉಪನ್ಯಾಸ ಪ್ರಾಮಾಣಿಕವಾಗದು. ಪಂಕ್ತಿ ಎಂಬ ಪದದ ಬೆನ್ನಿಗೇ ನಮ್ಮ ಭಾಷೆಯಲ್ಲಿ ಪಂಕ್ತಿಭೇದ ಎಂಬ ಪದವೂ ಇದೆ. ಯಾರ ಪಕ್ಕ ಯಾರು ಕೂರಬೇಕು, ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು ಎಂಬುದನ್ನು ಜಾತಿ ನಿರ್ಧರಿಸಿದ ನಾಡು ಇದು. ಇಂದಿಗೂ ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳನ್ನು ಬಿಸಿಯೂಟದಿಂದ ಎಬ್ಬಿಸಿಕೊಂಡು ಹೋದ ಸುದ್ದಿಗಳು ಬರುತ್ತವೆ. ಎಪ್ಪತ್ತು ವರ್ಷ ಒಂದು ರೂಢಿಯಲ್ಲಿ ಬಾಳಿದವರು ಕೇಂದ್ರದ ಬಾಗಿಲಲ್ಲಿ ಅದನ್ನು ಚಪ್ಪಲಿಯಂತೆ ಬಿಟ್ಟು ಒಳಗೆ ಬರುತ್ತಾರೆಂದು ನಂಬುವುದು ಭೋಳೆತನ. ಇಲ್ಲಿ ಸಿದ್ಧಾಂತ ಖಚಿತವಾಗಿರಬೇಕು. ಪಥ್ಯಕ್ಕಾಗಿ, ಸಕ್ಕರೆ ಕಾಯಿಲೆಗಾಗಿ, ಸಸ್ಯಾಹಾರ ಮಾಂಸಾಹಾರದ ರೂಢಿಗಾಗಿ ಎಲೆಯಲ್ಲಿ ಬೇರೆ ಬೇರೆ ಬಡಿಸಬಹುದು. ಸಾಲು ಮಾತ್ರ ಬೇರೆಯಾಗಬಾರದು. ಜಾತಿಗೊಂದು ಬುತ್ತಿ ಕಟ್ಟಿ ಮನೆಗೆ ಕಳಿಸಿ ಈ ಗೊಂದಲ ತಪ್ಪಿಸಿಕೊಳ್ಳೋಣ ಎನ್ನುವುದು ಡಬ್ಬಿಯ ಪರವಾಗಿ ಹೇಳಬಹುದಾದ ಅತ್ಯಂತ ಕೆಟ್ಟ ವಾದ.

ಇನ್ನೊಂದು ಭೇದ ಹೆಣ್ಣು ಗಂಡಿನದು. ಅರಳಿಕಟ್ಟೆ, ಹೋಟೆಲಿನ ಬೆಂಚು, ಉದ್ಯಾನದ ಕಲ್ಲುಹಾಸು ಗಂಡಸರಿಗೆ ಮೊದಲಿನಿಂದಲೂ ಇದ್ದ ಹಗಲು ಕೇಂದ್ರಗಳೇ. ವಯಸ್ಸಾದ ಹೆಂಗಸಿಗೆ ಅಂಥ ಜಾಗ ಇರಲಿಲ್ಲ. ಗಂಡನನ್ನು ಕಳೆದುಕೊಂಡಿದ್ದರಂತೂ ಮಂಗಳಕಾರ್ಯದ ಪಂಕ್ತಿಯಲ್ಲೂ ಅವಳು ಹಿಂದಿನ ಸಾಲು. ಹೀಗಾಗಿ ಕೇಂದ್ರದಲ್ಲಿ ಹೆಂಗಸರಿಗೆ ಏನು ಚಟುವಟಿಕೆ ಕೊಡೋಣ ಎಂದು ಯೋಜಕರು ಕೇಳಿದರೆ ನನ್ನ ಉತ್ತರ: ಮೊದಲು ಬೇರೆಯವರು ಬಡಿಸಿದ್ದನ್ನು ಕೂತು ಉಣ್ಣುವ ಚಟುವಟಿಕೆ ಕೊಡಿ. ಅವರನ್ನೇ ಒಲೆಯ ಮುಂದೆ ನಿಲ್ಲಿಸಿ ಅದಕ್ಕೆ ಸ್ವಯಂಸೇವೆ ಎಂದು ಹೆಸರಿಡಬೇಡಿ.

ಹಾಜರಿ ಪುಸ್ತಕ

ಮಾನ್ಯರೇ, ಒಂದು ಏರ್ಪಾಡು ಪಂಕ್ತಿಯೋ ಬರೀ ಅನ್ನದ ಸರಬರಾಜೋ ಎಂದು ತಿಳಿಯಲು ಒಂದು ಸಣ್ಣ ಪರೀಕ್ಷೆಯನ್ನು ಸೂಚಿಸಿ ಮುಗಿಸುತ್ತೇನೆ. ಪ್ರತಿ ಅಂಗನವಾಡಿಯಲ್ಲೂ ಹಾಜರಿ ಪುಸ್ತಕವಿದೆ. ಎಷ್ಟು ಮಕ್ಕಳು ಉಂಡರು, ಎಷ್ಟು ಅಕ್ಕಿ ಖರ್ಚಾಯಿತು ಎಂಬ ಲೆಕ್ಕಕ್ಕೆ ಅದು ಆಧಾರ. ಮೇಲಧಿಕಾರಿ ನೋಡುವುದು ಬಂದವರ ಸಂಖ್ಯೆಯನ್ನು. ಹಿರಿಯರ ಕೇಂದ್ರದಲ್ಲಿ ಅದೇ ಪುಸ್ತಕವನ್ನು ಬೇರೆ ರೀತಿ ಓದಬೇಕು. ಅಲ್ಲಿ ಮುಖ್ಯವಾದವರು ಬಾರದವರು. ನಿನ್ನೆ ಬಂದು ಇಂದು ಬಾರದವರ ಹೆಸರಿನ ಮುಂದೆ ಗುರುತು ಬೀಳಬೇಕು. ಊಟ ಮುಗಿಯುವುದರೊಳಗೆ ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ ಕದ ತಟ್ಟಬೇಕು. ಹುಷಾರಿಲ್ಲವೇ, ಬಿದ್ದರೇ, ಯಾರಾದರೂ ಏನಾದರೂ ಅಂದರೇ ಎಂದು ಕೇಳಬೇಕು. ಹೋಗುವಾಗ ಕೈಯಲ್ಲಿ ಅವರ ಪಾಲಿನ ಅನ್ನವಿರಬೇಕು.

ಬುತ್ತಿ ಹೊರಡಬೇಕಾದದ್ದು ಹಾಗೆ.